ಕಡಿಮೆ ಓಡಿದ ಹಳೇ ಕಾರು ಒಳ್ಳೇದಾ?

14 ವರ್ಷದ ಪೆಟ್ರೋಲ್ ಕಾರು, ಓಡಿರುವುದು 38,000 ಕಿಲೋಮೀಟರ್, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಇಂಥದ್ದೇ ಮೀಟರ್ ನೋಡಿ ನಾನೂ ಮರುಳಾಗಿದ್ದೆ.

ತಂದ ಕೂಡಲೇ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಎಲ್ಲ ಹೊಸದು ಹಾಕಿಸಿದೆ. ಇಂಜಿನ್‌ನ ಕ್ರ್ಯಾಂಕ್‌ಶಾಫ್ಟ್, ಕ್ಯಾಮ್‌ಶಾಫ್ಟ್ ಎರಡನ್ನೂ ಹೊಂದಿಸಿ ತಿರುಗಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಮೆಕ್ಯಾನಿಕ್ ಕೇಳಿದರು. ನಾನು ಕಾರಿನ ಪುಸ್ತಕ ತೆಗೆದು ತೋರಿಸಿದೆ. 80,000ಕ್ಕೆ ಬದಲಾಯಿಸಿ ಅಂತಿತ್ತು. ನಮ್ಮದು ಅದರ ಅರ್ಧವೂ ಓಡಿಲ್ಲ, ಈಗ್ಲೇ ಯಾಕೆ ಅಂದೆ. ಅದೇ ಸಾಲಿನಲ್ಲಿ ವರ್ಷದ ಲೆಕ್ಕವೂ ಇತ್ತು, ಯಾವುದು ಮೊದಲೋ ಅದಕ್ಕೆ ಅಂತ. ಅದನ್ನು ಓದಲೇ ಇಲ್ಲ.

ಆ ಬೆಲ್ಟ್ ರಬ್ಬರಿನದು. ಕಾರು ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಮೇಲಿನ ಕವರ್ ಬಿಚ್ಚಿ ನೋಡಿದರೆ ಕಪ್ಪಗೆ, ಗಟ್ಟಿಯಾಗಿಯೇ ಕಾಣುತ್ತದೆ. ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ, ಬೆಲ್ಟ್ ಹೊರತೆಗೆದು ಬಗ್ಗಿಸಿದರೆ ಮಾತ್ರ ಬಾಯಿ ಬಿಡುತ್ತದೆ. ಹರಿದರೆ ವಾಲ್ವ್ (ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲು) ಆಡಿಸುವ ಕ್ಯಾಮ್‌ಶಾಫ್ಟ್ ನಿಂತುಬಿಡುತ್ತದೆ, ಕೆಲವು ವಾಲ್ವ್ ತೆರೆದೇ ಉಳಿಯುತ್ತವೆ. ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್‌ಶಾಫ್ಟ್ ಮಾತ್ರ ಅದೇ ರಭಸಕ್ಕೆ ತಿರುಗುತ್ತಿರುತ್ತದೆ. ಮೇಲೆ ಬಂದ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದುತ್ತದೆ. ಎಲ್ಲ ಇಂಜಿನ್‌ನಲ್ಲೂ ಹೀಗಾಗಲ್ಲ, ನನ್ನದರಲ್ಲಿ ಆಯಿತು.

ದೊಡ್ಡ ಸದ್ದೇನೂ ಬರಲಿಲ್ಲ. ಹೋಗ್ತಾ ಹೋಗ್ತಾ ಇಂಜಿನ್ ಆಫ್ ಆಯಿತು. ಕೀ ತಿರುಗಿಸಿದರೆ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ಜೋರಾಗಿ ಗಿರ್ರನೆ ತಿರುಗಿತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಹೋಗಿದೆ ಅನ್ನುವುದಕ್ಕೆ ಅದೇ ಗುರುತು. ನನಗೆ ಗೊತ್ತಿರಲಿಲ್ಲ, ಮತ್ತೆ ಮತ್ತೆ ಕೀ ತಿರುಗಿಸಿದೆ. ಅದರಿಂದ ಹಾಳು ಇನ್ನೂ ಜಾಸ್ತಿ ಆಗಬಹುದು ಅಂತ ಆಮೇಲೆ ಬೈಸಿಕೊಂಡೆ. ಹೆಡ್ (ವಾಲ್ವ್‌ಗಳಿರುವ ಇಂಜಿನ್‌ನ ಮೇಲ್ಭಾಗ) ಬಿಚ್ಚಿದಾಗ ವಾಲ್ವ್‌ಗಳು ಸೊಟ್ಟಗಾಗಿದ್ದವು. ಬೆಲ್ಟ್ ಹಾಕಿಸುವ ಖರ್ಚೆಲ್ಲಿ, ಹೆಡ್ ಕೆಲಸದ ಖರ್ಚೆಲ್ಲಿ!

ಹಾಗಾಗಿ ನನ್ನ ಪ್ರಕಾರ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಎಷ್ಟು ಓಡಿದೆ ಅನ್ನುವುದಕ್ಕಿಂತ ಏನೇನು ಬದಲಾಗಿದೆ ಅಂತ ಕೇಳಿ. ಬಿಲ್ ಇಟ್ಟುಕೊಂಡು ಒಂದು ಲಕ್ಷ ಓಡಿಸಿದ ಕಾರು ಸಿಕ್ಕರೆ ನಾನು ಕಣ್ಣುಮುಚ್ಚಿ ಅದರ ಕಡೆಗೇ ಹೋಗ್ತೇನೆ. ನಿಂತ ಕಾರಿನಲ್ಲಿ ಹೋಸ್ ಒಣಗಿರುತ್ತವೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿರುತ್ತದೆ. ಟೈರಿನ ಮೇಲಿನ ಗೀರುಗಳು ಆಳವಾಗಿದ್ದರೆ ಸಾಲದು, ಪಕ್ಕದಲ್ಲಿರುವ ನಾಲ್ಕಂಕಿ ಓದಿ: 2312 ಅಂದರೆ 2012ರ 23ನೇ ವಾರದಲ್ಲಿ ತಯಾರಾದದ್ದು. ಅಂಥ ಟೈರು ಹಾಕಿಕೊಂಡು ಹೈವೇಗೆ ಇಳಿಯಬೇಡಿ.

ನೋಡಲು ಹೋಗುವಾಗ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿ. ಬಾನೆಟ್ ಮುಟ್ಟಿದಾಗ ಬಿಸಿ ಇದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ. ತಣ್ಣಗಿದ್ದಾಗಲೇ ಅಲ್ವಾ ನೀಲಿ ಹೊಗೆ, ಕಟಕಟ ಸದ್ದು ಎಲ್ಲ ಹೊರಗೆ ಬರೋದು? ಕೂಲಂಟ್ ಡಬ್ಬಿಯಲ್ಲಿ ತುಕ್ಕಿನ ನೀರಿದ್ದರೆ ಬರೀ ನಲ್ಲಿ ನೀರು ಹಾಕಿ ಓಡಿಸಿದ್ದಾರೆ ಅಂತಲೇ ಅನುಮಾನಿಸಿ.

ಆ ಇಂಜಿನ್‌ಗೆ ಬೆಲ್ಟೋ ಚೈನೋ ಮೊದಲು ತಿಳಿದುಕೊಳ್ಳಿ. ಬೆಲ್ಟ್ ಆಗಿದ್ದು, ಬದಲಾಯಿಸಿದ ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ. ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಅದೇ ಬೆಲ್ಟಿನಿಂದ ವಾಟರ್ ಪಂಪ್ ತಿರುಗುತ್ತಿದ್ದರೆ ಅದೂ ಸೇರಿಸಿ ಖರ್ಚು ಕೇಳಿಕೊಂಡು, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಹೇಳಿ. ಒಪ್ಪದಿದ್ದರೆ ಬೇರೆ ಕಾರು ನೋಡಿ.