ಕೆರೆ ಏರಿ ಮೇಲಿನ ಆ ಕಲ್ಲು ಯಾವ ದೇವರದ್ದು?

ಅರಸೀಕೆರೆ ಕಡೆಯ ನಿಮ್ಮ ಅಜ್ಜಿಯೂರಲ್ಲಿ ಕೆರೆ ಏರಿ ಮೇಲೆ ಮೂರು ಅಂತಸ್ತಿನ ಕೆತ್ತನೆಯ ಕಲ್ಲಿದೆ, ಕೆಳಗೆ ದನಗಳ ಸಾಲು, ಬಿಲ್ಲು ಹಿಡಿದವನೊಬ್ಬ, ಜನ ಎಣ್ಣೆ ಕುಂಕುಮ ಹಚ್ಚುತ್ತಾರೆ, ಯಾವ ದೇವರು ಅಂತ ಕೇಳಿದ್ದೀರಿ. ದೇವರಲ್ಲ. ಅದು ವೀರಗಲ್ಲು. ನಮ್ಮ ಕಡೂರು ಕಡೆ ಹಳಬರು ಈರಗಲ್ಲು ಅನ್ನೋದು ಇದನ್ನೇ. ದನ ಕಾಯಲು ಹೋಗಿ ಸತ್ತ ಯಾರೋ ಒಬ್ಬನ ನೆನಪಿಗೆ ನಿಲ್ಲಿಸಿದ್ದು.

ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ. ದನಗಳಿದ್ದರೆ ತುರುಗಾಳಗ, ಅಂದರೆ ಊರ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ನಡೆದ ಹೊಡೆದಾಟ. ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ಪಕ್ಕದಲ್ಲಿ ನಂದಿ, ತುದಿಯಲ್ಲಿ ಸೂರ್ಯ ಚಂದ್ರ. ಜೈನರದ್ದಾದರೆ ಲಿಂಗದ ಜಾಗದಲ್ಲಿ ಜಿನ. ಎಲ್ಲವೂ ತುರುಗಾಳಗದವೇ ಅಲ್ಲ: ಹೆಣ್ಣುಮಕ್ಕಳ ಮಾನ ಉಳಿಸಲು ಸತ್ತವರಿಗೆ, ಊರ ಮೇಲೆ ದಾಳಿಯಾದಾಗ ಕಾದಿ ಸತ್ತವರಿಗೆ, ಹುಲಿ ಹಂದಿಗಳ ಜೊತೆ ಸೆಣಸಿ ಸತ್ತವರಿಗೂ ಕಲ್ಲು ನಿಂತಿವೆ. ಪಕ್ಕದಲ್ಲೇ ಕಂಬದಿಂದ ಬಳೆ ತೊಟ್ಟ ಕೈ ಚಾಚಿದ ಕೆತ್ತನೆ ಇದ್ದರೆ ಅದು ಮಾಸ್ತಿಕಲ್ಲು, ಅಂದರೆ ಗಂಡ ಸತ್ತಾಗ ಸಹಗಮನ ಮಾಡಿದ ಹೆಣ್ಣಿನ ನೆನಪಿನ ಕಲ್ಲು. ಆ ಕಥೆ ಬೇರೆ, ಅದನ್ನು ಶೌರ್ಯ ಅಂತ ಹೊಗಳಲು ನನಗೆ ಮನಸ್ಸಿಲ್ಲ.

ದನಕ್ಕೋಸ್ಕರ ಪ್ರಾಣವಾ ಅಂತ ಅನ್ನಿಸಬಹುದು. ಬಯಲುಸೀಮೆಯಲ್ಲಿ ಆಗ ಆಸ್ತಿ ಅಂದರೆ ದನ. ಹೊಲ ಕದ್ದೊಯ್ಯಲು ಆಗಲ್ಲ, ಮಂದೆಯನ್ನು ಒಂದೇ ರಾತ್ರಿಯಲ್ಲಿ ಹೊಡೆದುಕೊಂಡು ಹೋಗಬಹುದು. ಹೋದರೆ ಉಳುಮೆಯೂ ಇಲ್ಲ, ಹಾಲೂ ಇಲ್ಲ.

ಕಲ್ಲಿನ ಮೇಲೆ ಅಕ್ಷರ ಇದೆಯಾ ನೋಡಿ, ಸಾಮಾನ್ಯವಾಗಿ ಅಂಕಣಗಳ ನಡುವಿನ ಪಟ್ಟಿಯಲ್ಲಿರುತ್ತೆ. ಹೊಯ್ಸಳರ ಕಾಲದ್ದಾದರೆ ಶುರುವಿನಲ್ಲಿ ‘ತಳಕಾಡುಗೊಂಡ’, ‘ಭುಜಬಳ ವೀರಗಂಗ’ ಅಂತ ರಾಜನ ಬಿರುದುಗಳದ್ದೇ ಮೆರವಣಿಗೆ. ಅವನು ಆ ಜಗಳದ ಹತ್ತಿರವೂ ಸುಳಿದಿರಲ್ಲ! ಅದೆಲ್ಲ ದಾಟಿದ ಮೇಲೆ ಇಂಥ ಊರಿನ ಇಂಥವನ ಮಗ ತುರುವನ್ನು ಮರಳಿಸಿ ಸತ್ತ, ಅವನ ತಮ್ಮನೋ ಮಗನೋ ಕಲ್ಲು ನಿಲ್ಲಿಸಿದ ಅಂತ ಬರುತ್ತೆ. ಕೆಲವು ಕಡೆ ಮನೆಯವರಿಗೆ ಭೂಮಿ ಬಿಟ್ಟ ಮಾತೂ ಇರುತ್ತೆ, ಅದಕ್ಕೆ ನೆತ್ತರುಕೊಡಗೆ ಅಂತ ಹೆಸರು. ಈ ಪದ್ಧತಿಯ ಬೇರು ಹಳೆಯದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಸುಮಾರು ಕ್ರಿ.ಶ. 450ರದ್ದು, ಅದೂ ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಕೊಟ್ಟ ಬಾಳ್ಗಳ್ಚು ದತ್ತಿಯದ್ದೇ. ಆದರೆ ಅಲ್ಲಿ ಪಡೆದವನು ವಿಜ ಅರಸ, ದೊಡ್ಡ ಮನುಷ್ಯ. ನಿಮ್ಮೂರಿನ ಕಲ್ಲು ನನಗೆ ಅದಕ್ಕಿಂತ ಹತ್ತಿರದ್ದು ಅನ್ನಿಸೋದು ಇದಕ್ಕೇ.

ಅಕ್ಷರ ಸವೆದಿದ್ದರೆ ಸುಣ್ಣ, ಬಣ್ಣ ತುಂಬಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಲೇಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ, ಗೀರೂ ಎದ್ದು ಕಾಣುತ್ತೆ. ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ, ಅಂದರೆ ನಮ್ಮ ಕಡೆಯ ಶಾಸನಗಳನ್ನು ಜಿಲ್ಲಾವಾರು ಅಚ್ಚು ಹಾಕಿಸಿದ ಸಂಪುಟಗಳಲ್ಲಿ, ಊರ ಹೆಸರು ಹುಡುಕಿ. ಬಿ.ಎಲ್. ರೈಸ್ ಹಾಸನದ ಸಂಪುಟವನ್ನು 1902ರಲ್ಲೇ ತಂದರು, ಚಿಕ್ಕಮಗಳೂರಿನದು ಆಗಿನ ‘ಕಡೂರು ಜಿಲ್ಲೆ’ ಹೆಸರಲ್ಲಿದೆ. ಅಲ್ಲಿ ಸಿಗದಿದ್ದರೆ ನಿರಾಶರಾಗಬೇಡಿ, ಅಕ್ಷರವೇ ಇಲ್ಲದ ವೀರಗಲ್ಲುಗಳೂ ಎಷ್ಟೋ ಇವೆ.

ಎಣ್ಣೆ ಕುಂಕುಮದ ಬಗ್ಗೆ ಅಜ್ಜಿಯ ಜೊತೆ ಜಗಳಕ್ಕೆ ಇಳಿಯಬೇಡಿ. ಪೂಜೆ ಇದ್ದದ್ದರಿಂದಲೇ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಚಪ್ಪಡಿಯಾಗದೆ, ಮೋರಿಗೆ ಹಾಸಾಗದೆ ಉಳಿದಿವೆ. ಏರಿ ಅಗಲ ಮಾಡುವ ಕೆಲಸ ಬಂದಾಗ ಮಾತ್ರ ಜೆಸಿಬಿಗಿಂತ ಮೊದಲು ಪಂಚಾಯಿತಿಗೆ, ಪುರಾತತ್ವ ಇಲಾಖೆಗೆ ಬರೆದು ತಿಳಿಸಿ. ಫೋಟೊ ಬಂದರೆ ಇಲ್ಲೇ ಹಾಕಿ, ಕೊನೆಯ ಸಾಲುಗಳು ಸ್ಪಷ್ಟವಾಗಿರಲಿ. ರಾಜನ ಬಿರುದು ಮಸುಕಾದರೂ ನಡೆಯುತ್ತೆ.