ಕಷ್ಟದಲ್ಲಿರುವ ಮಕ್ಕಳಿಗೆ ಯಾವ ಕಾದಂಬರಿ ಕೊಡಬಹುದು?

ಮನೆಯಲ್ಲಿ ಕಾಯಿಲೆ, ಸಾವು ಅಥವಾ ಶಾಲೆಯಲ್ಲಿ ಕಿರುಕುಳ ಎದುರಿಸುತ್ತಿರುವ 10ರಿಂದ 15 ವರ್ಷದವರಿಗೆ ಏನು ಓದಿಸಬಹುದು ಎಂದು ಕೇಳಿದ್ದೀರಿ. ನನ್ನ ಮೊದಲ ಆಯ್ಕೆ ಪ್ಯಾಟ್ರಿಕ್ ನೆಸ್ ಬರೆದ ‘ಎ ಮಾನ್‌ಸ್ಟರ್ ಕಾಲ್ಸ್’ (2011). ಅಮ್ಮನಿಗೆ ಕ್ಯಾನ್ಸರ್. 13 ವರ್ಷದ ಕಾನರ್‌ಗೆ ದುಃಖದ ಜೊತೆ ಸಿಟ್ಟೂ ಬರುತ್ತದೆ, ಎಲ್ಲ ಬೇಗ ಮುಗಿದುಹೋಗಲಿ ಅಂತಲೂ ಅನಿಸುತ್ತದೆ. ಹಾಗೆ ಅನಿಸಿದ್ದಕ್ಕೆ ನಾಚಿಕೆ. ಇಂಥದ್ದನ್ನು ಮಕ್ಕಳು ಯಾರ ಹತ್ತಿರವೂ ಹೇಳುವುದಿಲ್ಲ, ಅಲ್ವಾ? ಈ ಪುಸ್ತಕ ಅವರ ಪರವಾಗಿ ಹೇಳುತ್ತದೆ.

ಜೊತೆಗಾರರನ್ನು ಕಳೆದುಕೊಂಡವರಿಗೆ ಕ್ಯಾಥರೀನ್ ಪ್ಯಾಟರ್ಸನ್ ಅವರ ‘ಬ್ರಿಡ್ಜ್ ಟು ಟೆರಬಿಥಿಯಾ’ (1977). ಮಗನ ಗೆಳತಿ ಸಿಡಿಲು ಬಡಿದು ತೀರಿಕೊಂಡ ಮೇಲೆ ಅವರು ಬರೆದದ್ದು. ಮುಖ ಬೇರೆ ಥರ ಇದೆಯೆಂದು ಆಡಿಕೊಳ್ಳುವವರ ನಡುವೆ ಬದುಕುವ ಮಗುವಿಗೆ ‘ವಂಡರ್’.

ಸಾವು ತೀರಾ ಈಚಿನದಾಗಿದ್ದರೆ ಸುಮ್ನೆ ಕೈಗೆ ತುರುಕಬೇಡಿ. ಮೊದಲು ನೀವು ಓದಿ, ಆಮೇಲೆ ಕಣ್ಣಿಗೆ ಬೀಳುವ ಕಡೆ ಇಡಿ.