ಫ್ಲಾಸ್ಕಿನ ಚಹಾ ಹುಳಿ ನಾತ ಹೊಡೆದರೆ

ದಿನಾ ತೊಳೆದರೂ, ಬೆಳಿಗ್ಗೆ ತುಂಬಿ ಆಫೀಸಿಗೆ ಒಯ್ದ ಸ್ಟೀಲ್ ಫ್ಲಾಸ್ಕಿನ ಚಹಾ ಸಂಜೆ ವಾಪಸ್ ಬಂದು ಕುಡಿಯೋ ಹೊತ್ತಿಗೆ ಹುಳಿ ನಾತ ಹೊಡೆಯುತ್ತೆ ಅಂದಿರಲ್ಲ, ತಪ್ಪು ಬಹುಶಃ ಮುಚ್ಚಳದೊಳಗಿನ ರಬ್ಬರ್ ರಿಂಗಿನದು. ಅದರ ಸಂದಿಯಲ್ಲಿ ಹಾಲಿನ ಜಿಡ್ಡು ಕೂತಿರುತ್ತೆ. ಚಮಚದ ಹಿಡಿಕೆಯಿಂದ ಮೆಲ್ಲಗೆ ಎಬ್ಬಿಸಿ ನೋಡಿ. ನನ್ನದರಲ್ಲಂತೂ ಹಳದಿ ಪದರ ಬೆರಳಿಗೆ ಅಂಟುತ್ತಿತ್ತು, ಅದನ್ನೇ ಎಷ್ಟು ದಿನ ಕುಡಿದೆನೋ!

ರಿಂಗನ್ನು ಬಿಸಿನೀರಲ್ಲಿ ನೆನೆಸಿ ಹಳೇ ಬ್ರಷ್‌ನಿಂದ ತಿಕ್ಕಿ. ಫ್ಲಾಸ್ಕಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಬಿಸಿನೀರು ತುಂಬಿ, ರಾತ್ರಿಯಿಡೀ ಬಿಡಿ. ಮುಚ್ಚಳ ಮಾತ್ರ ಬಿಗಿಯಬೇಡಿ, ಒಳಗೆ ಗ್ಯಾಸ್ ತುಂಬಿ ಚಿಮ್ಮಬಹುದು. ಬೆಳಿಗ್ಗೆ ತೊಳೆದು ಬೋರಲು ಹಾಕಿ ಪೂರ್ತಿ ಒಣಗಿಸಿ. ಆಮೇಲೂ ನಾತ ಹೋಗದಿದ್ದರೆ ರಿಂಗೇ ಹಳತಾಗಿರಬೇಕು, ಮುಚ್ಚಳ ಒಯ್ದು ಪಾತ್ರೆ ಅಂಗಡಿಯಲ್ಲಿ ಅದೇ ಅಳತೆಯದು ಸಿಗುತ್ತಾ ಕೇಳಿ.

ಆದರೆ ಬೆಳಿಗ್ಗೆ ಏಳಕ್ಕೆ ತುಂಬಿದ ಹಾಲಿನ ಚಹಾ ಸಂಜೆ ಆರರವರೆಗೆ ಇಟ್ಟರೆ ಫ್ಲಾಸ್ಕ್ ಎಷ್ಟು ಸ್ವಚ್ಛವಿದ್ದರೂ ಕೆಡುತ್ತೆ. ಸಂಜೆ ಚಿಗರಿ (ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್) ಬಸ್ಸಿಳಿದು, ಮಕ್ಕಳು ಸುತ್ತಿಕೊಳ್ಳೋ ಮುಂಚೆ ಒಬ್ಬರೇ ಕೂತು ಕುಡಿಯೋ ಆ ಹತ್ತು ನಿಮಿಷದ ಚಹಾ ತಾನೇ ನಿಮಗೆ ಬೇಕಿರೋದು? ಹಾಗಾದರೆ ಶುಂಠಿ, ಸಕ್ಕರೆ ಹಾಕಿದ ಕರಿ ಚಹಾ ಒಯ್ಯಿರಿ. ಹಾಲಿನದೇ ಬೇಕು ಅಂದರೆ ಮಧ್ಯಾಹ್ನ ಆಫೀಸ್ ಹತ್ತಿರದ ಅಂಗಡಿಯಲ್ಲಿ ಬಿಸಿ ಬಿಸಿ ತುಂಬಿಸಿಕೊಳ್ಳಿ.